ಮೇಷ್ಟ್ರಿಗೆ ಮೊದಲು ಹಾಕಿದ ಸೂಜಿ

ವಿಮಾನದಲ್ಲಿ ಒಯ್ಯುವ ಪಂಜರಕ್ಕೆ ಒಂಬತ್ತು ಸಾವಿರ. ರಕ್ತಪರೀಕ್ಷೆಗೆ ಹದಿನಾಲ್ಕು. ಸರ್ಕಾರಿ ಮೊಹರಿಗೆ ಎರಡೂವರೆ. ಮೊಹರು ಒತ್ತುವವನನ್ನು ಸೀಟಿನಲ್ಲಿ ಹಿಡಿಯಲು ಅಲೆದ ಖರ್ಚು ಬೇರೆ. ನಾಯಿಯ ಟಿಕೆಟ್ಟು ನನ್ನ ಟಿಕೆಟ್ಟಿಗಿಂತ ಆರು ಸಾವಿರ ಹೆಚ್ಚು. ಇಷ್ಟೆಲ್ಲ ಸುರಿದು ನಿಲ್ದಾಣಕ್ಕೆ ಹೋದರೆ, ಕೌಂಟರಿನ ಹುಡುಗಿ ಫೈಲಿನ ಎರಡನೇ ಹಾಳೆಯಲ್ಲೇ ನಿಂತಳು.

"ಮೇಡಂ, ರೇಬಿಸ್ ಸೂಜಿ ಮೂರನೇ ತಾರೀಕು. ಚರ್ಮದೊಳಗೆ ಹಾಕೋ ಗುರುತಿನ ಚಿಪ್ ಒಂಬತ್ತನೇ ತಾರೀಕು."

"ಹೌದು. ಎರಡೂ ಆಗಿದೆಯಲ್ಲ?"

"ಚಿಪ್ ಮೊದಲು ಆಗ್ಬೇಕಿತ್ತು. ಇಲ್ದಿದ್ರೆ ಆ ಸೂಜಿ ಈ ನಾಯಿಗೇ ಬಿತ್ತು ಅಂತ ಆ ದೇಶದವರು ಹೇಗೆ ನಂಬ್ತಾರೆ? ಅಲ್ಲಿಂದ ವಾಪಸ್ ಕಳಿಸ್ತಾರೆ ಅಷ್ಟೆ."

ಪಂಜರದೊಳಗೆ ಮೇಷ್ಟ್ರು ಆಕಳಿಸಿದರು.

ಮೇಷ್ಟ್ರು ಅಂದರೆ ನಾನು ನಡೆಸುವ ಬೀದಿನಾಯಿಗಳ ಶೆಲ್ಟರಿನ ಕಂದು ನಾಯಿ. ಎಲ್ಲರನ್ನೂ ಹೋಮ್‌ವರ್ಕ್ ಮಾಡದ ಮಕ್ಕಳನ್ನು ನೋಡುವ ಹಾಗೆ ನೋಡುವುದರಿಂದ ಆ ಹೆಸರು. ನಮ್ಮಲ್ಲಿ ಬೀದಿನಾಯಿಗೆ ಬಿಸ್ಕತ್ತು ಹಾಕುವವರಿದ್ದಾರೆ, ಬಾಗಿಲು ತೆರೆಯುವವರಿಲ್ಲ. ಹೊರದೇಶದಲ್ಲಿ ಇದ್ದಾರೆ, ಆದರೆ ಕಣ್ಣಾರೆ ಕಾಣದೆ ನಂಬುವುದಿಲ್ಲ. ತಿಂಗಳಿಗೊಂದರಂತೆ ಐದು ಊರುಗಳಲ್ಲಿ ಮೇಷ್ಟ್ರನ್ನು ಜನರ ನಡುವೆ ಕೂರಿಸಿ, 'ಇಂಥವೇ ಅರವತ್ತು ನಮ್ಮಲ್ಲಿವೆ, ಸಾಕಿಕೊಳ್ಳಿ' ಎಂದು ಕೇಳಲು ಹೊರಟಿದ್ದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಸೂಜಿ ಹಾಕಿದ್ದೂ ಚಿಪ್ ಹಾಕಿದ್ದೂ ಒಬ್ಬರೇ, ನಮ್ಮ ಡಾಕ್ಟರು.

ಪಂಜರವನ್ನು ವ್ಯಾನಿಗೆ ಹಾಕಿಕೊಂಡು ನೇರ ಅವರ ಕ್ಲಿನಿಕ್ಕಿಗೆ ಹೋದೆ. ಒಬ್ಬ ಅಜ್ಜಿಯ ಬೆಕ್ಕಿನ ಉಗುರು ಕತ್ತರಿಸುತ್ತಿದ್ದರು. ಫೈಲನ್ನು ಮೇಜಿಗೆ ಅಪ್ಪಳಿಸಿದೆ. ಬೆಕ್ಕು ಅಜ್ಜಿಯ ಹೆಗಲೇರಿತು.

"ಓದಿ ಡಾಕ್ಟ್ರೇ. ತಾರೀಕು ಓದಿ, ಜೋರಾಗಿ."

ಓದಿದರು. ಮುಖ ಸುಣ್ಣವಾಯಿತು. ನಾಯಿ ನಮ್ಮ ಗೇಟಿನೊಳಗೆ ಬಂದ ದಿನ ಸೂಜಿ, ಯಾರಾದರೂ ಮನೆಗೆ ಒಯ್ಯುವಾಗ ಚಿಪ್. ಹನ್ನೊಂದು ವರ್ಷದಿಂದ ಅವರ ಕೈಗೆ ಅದೇ ರೂಢಿ. ಮೇಷ್ಟ್ರಿಗೂ ಕೈ ಅದೇ ಕ್ರಮದಲ್ಲಿ ಓಡಿತ್ತು.

"ತಪ್ಪು ನನ್ನದೇ," ಅಂದರು. "ಇವತ್ತೇ ಮತ್ತೆ ಸೂಜಿ ಹಾಕ್ತೀನಿ. ಆಮೇಲೆ ರಕ್ತಪರೀಕ್ಷೆ. ಮೂರು ತಿಂಗಳು ಕಾಯ್ಬೇಕು. ಖರ್ಚು ನಂದು."

"ಮೂರು ತಿಂಗಳು ಅಂದ್ರೆ ಮೂರು ಊರು ಹೋಯ್ತು! ಒಂದು ತಾರೀಕು ತಾನೇ? ಪೆನ್ನು ಜೇಬಲ್ಲೇ ಇದೆ. ತಿದ್ದಿ ಕೊಡಿ, ಸಂಜೆ ಫ್ಲೈಟಿಗೆ ಹೋಗ್ತೀನಿ."

"ತಿದ್ದಲ್ಲ."

"ಅರವತ್ತು ನಾಯಿಗಳಿಗೋಸ್ಕರ?"

"ಒಂದು ಸುಳ್ಳು ಸಿಕ್ಕಿಬಿದ್ರೆ ಆ ಅರವತ್ತರ ಕಾಗದಾನೂ ಯಾರೂ ನಂಬಲ್ಲ ಮೇಡಂ."

ಅದು ಸರಿ ಎಂದು ಗೊತ್ತಿತ್ತು. ಸರಿಯಾದ ಮಾತನ್ನು ತಪ್ಪು ಮಾಡಿದವರ ಬಾಯಲ್ಲಿ ಕೇಳುವಷ್ಟು ಉರಿ ಬೇರೆ ಇಲ್ಲ.

"ನನಗೆ ಅರ್ಥ ಆಯ್ತು. ಐದು ತಿಂಗಳು ಹೋಗ್ತೀನಿ ಅಂದ ದಿನದಿಂದ ಮುಖ ಗಂಟು ಹಾಕ್ಕೊಂಡಿದ್ದೀರಿ. ನಾನು ಹೋಗ್ಬಾರ್ದು ಅಂತ ಬೇಕಂತಲೇ ಮಾಡಿದ್ರಿ!"

ಡಾಕ್ಟರ ಕಿವಿ ಕೆಂಪಾಯಿತು. ನಾಯಿ ಕಚ್ಚಿದಾಗಲೂ ಕೆಂಪಾಗದ ಕಿವಿ.

ಅಜ್ಜಿ ಮೆಲ್ಲಗೆ, "ನಾನು ಆಚೆ ಕೂತ್ಕೊಳ್ಲಾ?" ಅಂದರು.

"ಬೇಡ!" ಅಂದೆವು, ಇಬ್ಬರೂ.

"ನಿಮ್ಮನ್ನ ತಡೀಬೇಕು ಅಂತಿದ್ರೆ," ಅಂದರು ಡಾಕ್ಟರು, ಮೊದಲ ಸಲ ದನಿ ಏರಿಸಿ, "ನಾಯಿ ಕತ್ತಿಗೆ ಯಾಕೆ ಸೂಜಿ ಚುಚ್ಚಲಿ? ನನಗೇನು ಬಾಯಿಲ್ವಾ?"

"ಇದೆಯಾ? ನಾನು ಶೆಲ್ಟರಿಗೆ ಬಂದು ನಾಲ್ಕು ವರ್ಷ, ನಾನಂತೂ ನೋಡಿಲ್ಲ. ಇದ್ರೆ ಈಗ ಹೇಳಿ!"

"ಈಗ ಹೇಳಲ್ಲ. ತಪ್ಪು ಮುಚ್ಚೋಕೆ ಹೇಳ್ದ ಹಾಗಾಗುತ್ತೆ."

"ಮೊದಲು ಬೆಕ್ಕಿನ ಹಿಂಗಾಲು ಮುಗಿಸಪ್ಪ," ಅಂದರು ಅಜ್ಜಿ. "ಮದುವೆ ಮಾತು ಆಮೇಲೆ ಆಡ್ಕೊಳ್ಳಿ."

ಮೂರು ತಿಂಗಳು ನಾನು ಡಾಕ್ಟರೊಡನೆ ಮಾತು ಬಿಟ್ಟೆ. ಅವರು ದಿನಾ ಬೆಳಿಗ್ಗೆ ಶೆಲ್ಟರಿಗೆ ಬಂದು, ಬೇಕಿಲ್ಲದಿದ್ದರೂ ಮೇಷ್ಟ್ರ ತೂಕ ನೋಡುತ್ತಿದ್ದರು.

"ಮೇಷ್ಟ್ರೇ," ಅನ್ನುತ್ತಿದ್ದೆ ನಾನು, "ನಿನ್ನೆಯಿಂದ ಇವತ್ತಿಗೆ ಆನೆ ಆಗಿರಲ್ಲ ಅಂತ ಡಾಕ್ಟ್ರಿಗೆ ಹೇಳಿ."

"ಮೇಷ್ಟ್ರೇ, ನಿಮ್ಮ ಮೇಡಂ ನಿನ್ನೆ ರಾತ್ರಿ ಊಟ ಮಾಡಿದ್ರಾ ಕೇಳಿ. ಕಣ್ಣು ಒಳಗೆ ಹೋಗಿದೆ."

ಮೇಷ್ಟ್ರು ಇಬ್ಬರನ್ನೂ ನೋಡಿ, ಇಬ್ಬರಿಗೂ ಸೊನ್ನೆ ಕೊಟ್ಟು ಮಲಗುತ್ತಿದ್ದರು.

ಸಿಟ್ಟು ಇಳಿಯಲಿಲ್ಲ. ಆದರೆ ಡಾಕ್ಟರು ಬಗ್ಗಿ ನಾಯಿಯ ಪಾದದಿಂದ ಮುಳ್ಳು ತೆಗೆಯುವಾಗ, ನೆತ್ತಿಯ ಮೇಲೆ ಬಂದಿದ್ದ ನಾಲ್ಕು ಬಿಳಿಕೂದಲನ್ನು ಎಣಿಸುವಷ್ಟು ಹತ್ತಿರ ನಿಲ್ಲುತ್ತಿದ್ದೆ. ಸಿಟ್ಟು ಬಂದವಳಿಗೆ ಅಷ್ಟು ಹತ್ತಿರ ನಿಲ್ಲುವ ಕೆಲಸವೇನಿತ್ತೋ.

ಎರಡನೇ ಸಲ ಕೌಂಟರಿಗೆ ಹೋದಾಗ ಅವರೂ ಬಂದರು. ಹಾಳೆ ಒಂದೊಂದಾಗಿ ದಾಟಿತು. ಮೊಹರು ಬಿದ್ದ ಸದ್ದಿಗೆ ಅವರು ನನ್ನ ಕಡೆ ತಿರುಗಿದರು.

"ಈಗ ಹೇಳ್ತೀನಿ. ಹೋಗಿ. ಆದರೆ ವಾಪಸ್ ಬನ್ನಿ, ನನ್ನ ಹತ್ರ. ಮದುವೆ ಆಗೋಣ."

ಹಿಂದೆ ಇಪ್ಪತ್ತು ಜನ ಸಾಲಿನಲ್ಲಿದ್ದರು. ನನಗೆ ಮೈಯೆಲ್ಲ ಉರಿಯಿತು.

"ಮೂರು ತಿಂಗಳು ದಿನಾ ಎದುರಿಗೇ ಇದ್ದೆ. ಬೋರ್ಡಿಂಗ್ ಪಾಸ್ ಕೈಗೆ ಬಂದ ಮೇಲೆ ಹೇಳೋ ಮಾತಾ ಇದು?"

"ಮೊದಲೇ ಹೇಳಿದ್ರೆ, ತಡೀತಿದ್ದಾರೆ ಅಂತಿದ್ರಿ."

ಅಂತಿದ್ದೆ. ಅವರ ಅಂಗಿಯ ಕಾಲರು ಹಿಡಿದು ಹತ್ತಿರ ಎಳೆದು, "ಆಗ್ತೀನಿ. ಈಗ ಕಣ್ಣೆದುರು ನಿಲ್ಬೇಡಿ, ಹೋಗಿ," ಅಂದೆ. ಹೋಗಲಿಲ್ಲ. ಗಾಜಿನಾಚೆ ನಾನು ಕಣ್ಮರೆಯಾಗುವ ತನಕ ನಿಂತೇ ಇದ್ದರು.

ಉಳಿದಿದ್ದ ಎರಡು ಊರು ಮುಗಿಸಿ ಬಂದೆ. ಹದಿನೇಳು ನಾಯಿಗಳಿಗೆ ಮನೆ ಸಿಕ್ಕಿತು. ಕೈತಪ್ಪಿದ ಮೂರು ಊರುಗಳಲ್ಲಿ ಇನ್ನೂ ಇಪ್ಪತ್ತಕ್ಕಾದರೂ ಸಿಗುತ್ತಿತ್ತು. ಅವು ನಮ್ಮ ಗೂಡುಗಳಲ್ಲೇ ಉಳಿದವು. ಅವುಗಳಲ್ಲಿ ಎರಡು ಅಲ್ಲೇ ಮುಪ್ಪಾಗಿ ಸತ್ತವು. ನನಗೆ ಗಂಡ ಸಿಕ್ಕರು, ಒಳ್ಳೆಯವರೇ. ಆ ನಾಯಿಗಳ ವಿಷಯದಲ್ಲಿ ನಾನಿನ್ನೂ ಅವರನ್ನು ಕ್ಷಮಿಸಿಲ್ಲ. ಅವರೂ ಕೇಳಿಲ್ಲ.