ರುಮ್ದುಲ್ ಅಜ್ಜಿಯ ತಲೆ

ಬುಧವಾರ ಬೆಳಿಗ್ಗೆ ಏಳೂಕಾಲಕ್ಕೆ ಸಿಯೆಮ್ ರೀಪ್ ಹೊರವಲಯದ ಪ್ರವಾಸಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿ ಬಂದ ಮುದುಕ, ಟೋಪಿ ಕಳಚಿ ಎದೆಗೊತ್ತಿಕೊಂಡು ನಿಂತ. ಅವನು ಪ್ರಸಾತ್ ಕ್ರಸಾಂಗ್ ಗುಡಿಯ ಕಾವಲುಗಾರ ಪ್ರುಮ್. ಕಾನ್‌ಸ್ಟೆಬಲ್ ಸಂಬಾತ್ ಆಗಷ್ಟೇ ಗಂಜಿಗೆ ಒಣಮೀನು ನೆಂಚಿಕೊಳ್ಳಲು ಕೂತಿದ್ದ.

“ಅಜ್ಜಿ ತಲೆ ಹೋಯ್ತು ಸಾರ್.”

“ಯಾರ ಅಜ್ಜಿ ತಾತ?”

“ಎಲ್ರ ಅಜ್ಜೀನೂ. ರುಮ್ದುಲ್ ಅಜ್ಜಿ. ಮೈ ಇದೆ, ತಲೆ ಇಲ್ಲ.”

ಸಂಬಾತ್ ಚಮಚ ಕೆಳಗಿಟ್ಟು ಎದ್ದು, ಒಳಗಿದ್ದ ಇನ್ಸ್‌ಪೆಕ್ಟರ್ ಬುನ್ನಾರೆತ್‌ನನ್ನು ಕರೆದ. ಬುನ್ನಾರೆತ್ ಎಲ್ಲರ ಮೇಲೂ ಗುಮಾನಿ ಪಡುವ ಮನುಷ್ಯ. ಹೆಂಡತಿ ಕಾಫಿಗೆ ಸಕ್ಕರೆ ಒಂದು ಚಮಚ ಹೆಚ್ಚು ಹಾಕಿದರೂ ಇವತ್ತೇನು ವಿಶೇಷ ಎಂದು ಯೋಚಿಸುತ್ತಿದ್ದ. ದೂರು ಕೇಳಿದ ಅವನು ಮೊದಲು ನೋಡಿದ್ದು ಮುದುಕನ ಕೈಗಳನ್ನು. ಉಗುರಿನಲ್ಲಿ ಗಾರೆ ಇರಲಿಲ್ಲ.

ಎಫ್‌ಐಆರ್ ದಾಖಲಾಯಿತು. ಕಳವಾದ ವಸ್ತು: ಮರಳುಗಲ್ಲಿನ ವಿಗ್ರಹದ ತಲೆ, ಒಂದು. ವಿಗ್ರಹವನ್ನು ಶುಕ್ರವಾರ ಪಟ್ಟಣದ ಮ್ಯೂಸಿಯಂಗೆ ಸಾಗಿಸಿ, ಆ ಜಾಗದಲ್ಲಿ ಸಿಮೆಂಟಿನ ನಕಲು ಕೂರಿಸುವುದೆಂದು ನಿಶ್ಚಯವಾಗಿತ್ತು. ಅದಕ್ಕಾಗಿ ಮ್ಯೂಸಿಯಂನವರು ಸೋಮವಾರವೇ ಬಂದು ಕುತ್ತಿಗೆಯ ಹಳೇ ಗಾರೆಯನ್ನು ಕೆತ್ತಿ ಸಡಿಲ ಮಾಡಿ, ಮೇಲೊಂದು ಬಿಳಿ ಬಟ್ಟೆ ಹೊದಿಸಿ ಹೋಗಿದ್ದರು. ಕಳ್ಳನಿಗೆ ಅರ್ಧ ಕೆಲಸ ಸರ್ಕಾರವೇ ಮಾಡಿಕೊಟ್ಟ ಹಾಗಾಗಿತ್ತು. ಮಂಗಳವಾರ ಬೆಳಿಗ್ಗೆ ಬಟ್ಟೆ ಎತ್ತಿ ಕೈಮುಗಿದಾಗ ತಲೆ ಇತ್ತೆಂದೂ ಬುಧವಾರ ಎತ್ತಿದಾಗ ಇರಲಿಲ್ಲವೆಂದೂ ಪ್ರುಮ್ ಬರೆಸಿದ.

“ಮೇಲಿನವರು ಫೋನ್ ಮಾಡಿದ್ರು” ಎಂದ ಸಂಬಾತ್ ಜೀಪಿನಲ್ಲಿ, ಮುದುಕನಿಗೆ ಕೇಳದಂತೆ. “ಶುಕ್ರವಾರದೊಳಗೆ ತಲೆ ಸಿಗದಿದ್ರೆ ಈ ತಾತನ್ನೇ ಒಳಗೆ ಹಾಕ್ಬೇಕಂತೆ. ಕಾವಲಿಗಿದ್ದೋನು ಅವನೊಬ್ಬನೇ ತಾನೆ?”

ಹಿಂದಿನ ಸೀಟಿನಲ್ಲಿ ಪ್ರುಮ್ ಕಣ್ಣು ಮುಚ್ಚಿ ಕೂತಿದ್ದ. ಅವನಿಗೆ ಕೇಳಿಸಿತ್ತು.

ಸ್ಥಳ ಪಂಚನಾಮೆ ಎಂಟೂವರೆಗೆ ಶುರುವಾಯಿತು. ಬುನ್ನಾರೆತ್ ಬಿಳಿ ಬಟ್ಟೆ ಸರಿಸಿದ. ಬಟ್ಟೆಯ ಮೇಲಿಂದ ನೋಡಿದ ಯಾರಿಗೂ ಅನುಮಾನ ಬಾರದಿದ್ದುದಕ್ಕೆ ಕಾರಣ ಕಂಡಿತು. ತಲೆಯ ಜಾಗದಲ್ಲಿ ಒಂದು ಎಳನೀರಿತ್ತು. ಬರೀ ಎಳನೀರಲ್ಲ; ಸುತ್ತ ವೀಳ್ಯದೆಲೆಯ ಸುರುಳಿಗಳನ್ನು ಕಡ್ಡಿಯಿಂದ ಚುಚ್ಚಿ, ಮೇಲೆ ಅಡಿಕೆ ಇಟ್ಟು ದೇವರಿಗೆ ಒಪ್ಪಿಸುವ ಸ್ಲಾಥೋರ್. ಕೆಳಗೆ ಕತ್ತಿನ ಗಾಯ ಕಾಣದಂತೆ ಹೊಸ ಕೆಂಪು ಚೌಕುಳಿ ವಸ್ತ್ರ ಸುತ್ತಿತ್ತು. ಪಾದದ ಬಳಿ ಒಂದು ಬಾಚಣಿಗೆ, ಅಂಗೈಯಗಲದ ಕನ್ನಡಿ.

“ಕಳ್ಳ ಕ್ಷಮೆ ಕೇಳ್ಕೊಂಡು ಹೋಗಿದಾನೆ” ಎಂದ ಸಂಬಾತ್.

“ಬಾಚಣಿಗೆ ಯಾಕೆ?”

“ಅಜ್ಜಿಗೆ ತಲೆ ಬಾಚ್ಕೊಳ್ಳೋಕೆ ಸಾರ್.”

ಅಷ್ಟರಲ್ಲಿ ಆರೇಳು ಪ್ರವಾಸಿಗರನ್ನು ಹಿಂದಿಟ್ಟುಕೊಂಡು ಗೈಡ್ ನರಿನ್ ಬಂದ. ಇಸ್ತ್ರಿ ಮಾಡಿದ ಅಂಗಿ, ಕತ್ತಿನಲ್ಲಿ ಪರವಾನಗಿಯ ಬಿಲ್ಲೆ, ನಾಲಿಗೆಯಲ್ಲಿ ನಾಲ್ಕು ಭಾಷೆ. ವ್ಯಾನು ಅವನದೇ, ಓಡಿಸುವವನೂ ಅವನೇ. ಬಟ್ಟಂಬಾಂಗ್‌ನವನು, ಇದೇ ಹಳ್ಳಿಯ ಹುಡುಗಿಯನ್ನು ಮದುವೆಯಾಗಿ ಇಲ್ಲೇ ನಿಂತಿದ್ದ.

“ಇದು ವಿಷ್ಣು ಸಾರ್, ಹತ್ತನೇ ಶತಮಾನದ್ದು” ಎಂದು ನರಿನ್ ತಾನಾಗಿಯೇ ಹೇಳಿದ. “ಹಳ್ಳಿಯೋರು ಅಜ್ಜಿ ಅಂತಾರೆ. ಗಂಡು ದೇವರಿಗೆ ಬಾಚಣಿಗೆ ಕೊಡ್ತಾರೆ! ಈ ಕತೆ ಹೇಳಿದ್ರೆ ಪ್ರವಾಸಿಗರು ಬಿದ್ದು ಬಿದ್ದು ನಗ್ತಾರೆ.”

“ನಿಮಗೇನನ್ಸುತ್ತೆ? ಯಾರ ಕೆಲಸ?”

“ಹಳೇ ಸಾಮಾನಿನ ವ್ಯಾಪಾರಿಗಳದ್ದೇ. ಇಷ್ಟೊತ್ತಿಗೆ ಗಡಿ ದಾಟಿರುತ್ತೆ.”

“ನಿನ್ನೆ ನೀವು ಬಂದಿದ್ರಾ?”

“ದಿನಾ ಬರ್ತೀನಿ ಸಾರ್. ನನ್ನ ಅನ್ನವೇ ಇದು.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಬುನ್ನಾರೆತ್ ಬಹಳ ಕಂಡಿದ್ದ. ಆದರೆ ನರಿನ್ ಹೆಗಲು ಮುಟ್ಟಿಕೊಳ್ಳಲಿಲ್ಲ, ಬೇರೆಯವರ ಹೆಗಲು ತೋರಿಸಿದ. ಅದನ್ನೂ ಇನ್ಸ್‌ಪೆಕ್ಟರ್ ಮನಸ್ಸಿನಲ್ಲಿಟ್ಟುಕೊಂಡ.

ಆ ದಿನವೆಲ್ಲ ಪಟ್ಟಣದ ಅಂಗಡಿಗಳ ತಪಾಸಣೆ ನಡೆಯಿತು. ರಸ್ತೆ ಬದಿಯ ಶಿಲ್ಪಿಗಳ ಚಪ್ಪರಗಳಲ್ಲಿ ನೂರಾರು ಕಲ್ಲಿನ ತಲೆಗಳು ಸಾಲಾಗಿ ನಗುತ್ತಿದ್ದವು, ಎಲ್ಲವೂ ಹೊಸವು. ಗುಡಿಯ ಸುತ್ತ ಮೂವರು ಸಶಸ್ತ್ರ ಪೇದೆಗಳನ್ನು ನಿಲ್ಲಿಸಿದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗೆ.

ಸಂಜೆ ಪ್ರುಮ್‌ನ ವಿಚಾರಣೆ.

“ಮಂಗಳವಾರ ಗುಡಿ ಬಿಟ್ಟು ಯಾವಾಗ ಹೋಗಿದ್ದೆ ತಾತ?”

“ಮಧ್ಯಾಹ್ನ. ಮರದ ಕೆಳಗೆ ಉಂಡೆ. ಮಲಗಿದೆ.”

“ಅಜ್ಜಿಗೆ ಬಾಚಣಿಗೆ ಇಡಬೇಕು ಅಂತ ಯಾರ್ಯಾರಿಗೆ ಗೊತ್ತು?”

“ಹಳ್ಳಿಯೋರಿಗೆಲ್ಲ. ಹೊರಗಿನೋರು ಸಿಗರೇಟು, ಸಾರಾಯಿ ಇಡ್ತಾರೆ. ಅಜ್ಜಿಗೆ ಅದು ಆಗಲ್ಲ.”

“ಹಾಗಾದ್ರೆ ಕಳ್ಳ ಹಳ್ಳಿಯೋನೇ. ನೀನೂ ಹಳ್ಳಿಯೋನೇ.”

“ಹಾಕಿ ಸಾರ್ ಒಳಗೆ. ಮೂವತ್ತು ವರ್ಷ ಅವಳ ಕಾಲ ಬಳಿ ಕಸ ಗುಡಿಸಿದೀನಿ. ನಾನು ಮಲಗಿದ್ದಾಗ ತಲೆ ಹೋಯ್ತು ಅಂದ್ರೆ ತಪ್ಪು ನಂದೇ.”

ಬುನ್ನಾರೆತ್‌ಗೆ ಸಂಕಟವಾಯಿತು. ನಿರಪರಾಧಿಗಳು ಹೀಗೆ ಮಾತಾಡುತ್ತಾರೆ. ಪಳಗಿದ ಕಳ್ಳರೂ ಹೀಗೇ ಮಾತಾಡುತ್ತಾರೆ. ಮುದುಕನನ್ನು ಅವನು ಠಾಣೆಯ ಬೆಂಚಿನ ಮೇಲೇ ಮಲಗಿಸಿದ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಆಸ್ಟ್ರೇಲಿಯಾದ ನಿವೃತ್ತ ಮೇಷ್ಟ್ರೊಬ್ಬರು ಹೆಂಡತಿಯ ಜೊತೆ ಠಾಣೆಗೆ ಬಂದರು. ಮುಖ ಬಿಸಿಲಿಗೆ ಕೆಂಪಾಗಿತ್ತು, ಸಿಟ್ಟಿಗೂ. ಸಂಬಾತ್ ದೂರು ಕೇಳಿಕೊಂಡು ನಗು ತಡೆಯುತ್ತ ಒಳಗೆ ಬಂದ.

“ಏನಂತೆ?”

“ಮೊನ್ನೆ ಮಧ್ಯಾಹ್ನ ಕ್ರಸಾಂಗ್ ಗುಡಿಯಿಂದ ಹೋಟೆಲ್‌ವರೆಗೂ ಸೂಟ್‌ಕೇಸ್‌ಗಳನ್ನ ತೊಡೆ ಮೇಲಿಟ್ಕೊಂಡು ಕೂರಬೇಕಾಯ್ತಂತೆ. ಬೆಳಿಗ್ಗೆ ಡ್ರೈವರ್ ಅವನ್ನ ವ್ಯಾನಿನ ಮೇಲೆ ಕಟ್ಟಿದ್ನಂತೆ. ಇವರು ಊಟ ಮುಗಿಸಿ ಬರೋ ಹೊತ್ತಿಗೆ ಎಲ್ಲ ಇಳಿಸಿ ಒಳಗೆ ತುಂಬಿದ್ದ. ಕೇಳಿದ್ರೆ ಹಗ್ಗ ಹರಿದಿದೆ ಅಂದ್ನಂತೆ. ಇವರ ಕಾಲು ಊದಿದೆ.”

“ಮೇಲಿನ ಕ್ಯಾರಿಯರ್ ಖಾಲಿ ಇತ್ತಾ?”

“ಇಲ್ವಂತೆ. ಒಂದೇ ಒಂದು ಗಂಟಿತ್ತಂತೆ, ಬಟ್ಟೇಲಿ ಸುತ್ತಿದ್ದು. ಅದನ್ನ ಮಾತ್ರ ಗಟ್ಟಿಯಾಗೇ ಕಟ್ಟಿದ್ನಂತೆ.” ಸಂಬಾತ್ ನಕ್ಕ. ತಕ್ಷಣ ನಗು ನಿಲ್ಲಿಸಿದ.

ಬುನ್ನಾರೆತ್ ಆಗಲೇ ಟೋಪಿ ಎತ್ತಿಕೊಂಡಿದ್ದ. “ನೀನೇ ಅಜ್ಜಿ ತಲೆ ಕದ್ದೆ ಅಂದ್ಕೋ. ವ್ಯಾನಲ್ಲಿ ಎಲ್ಲಿಡ್ತೀಯ?”

“ಸೀಟಿನ ಕೆಳಗೆ... ಛೆ, ಛೆ. ಪರದೇಶದವರ ಕಾಲಡಿ ಅಜ್ಜಿ ತಲೆ ಇಡೋದಾ?”

“ಮತ್ತೆ?”

“ಮೇಲೆ” ಎಂದ ಸಂಬಾತ್. “ಎಲ್ಲರ ತಲೆಗಿಂತ ಮೇಲೆ. ಪಕ್ಕದಲ್ಲಿ ಯಾರ ಸೂಟ್‌ಕೇಸೂ ಇಲ್ಲದ ಹಾಗೆ.”

“ವ್ಯಾಪಾರಿಯಾಗಿದ್ರೆ ಸೀಟಿನ ಕೆಳಗೇ ತಳ್ಳಿರ್ತಿದ್ದ. ವ್ಯಾನ್ ಯಾರದು?”

“ನರಿನ್‌ದು ಸಾರ್.”

ನರಿನ್‌ನ ಮನೆ ಹಳ್ಳಿಯ ಅಂಚಿನಲ್ಲಿ, ಎತ್ತರದ ಕಂಬಗಳ ಮೇಲಿತ್ತು. ಅವನ ಹೆಂಡತಿ ಕೊಲ್ಯಾನ್ ಕೆಳಗಿನ ನೆರಳಲ್ಲಿ ಉಯ್ಯಾಲೆಯಲ್ಲಿ ಮಲಗಿದ್ದಳು. ತುಂಬು ಬಸುರಿ. ಪೊಲೀಸರನ್ನು ಕಂಡು ಏಳಲು ಹೋದಳು, ನರಿನ್ ಅವಳ ಭುಜ ಹಿಡಿದು ಮತ್ತೆ ಮಲಗಿಸಿದ.

“ಹುಡುಕಿ ಸಾರ್, ನನ್ನ ಅಭ್ಯಂತರ ಇಲ್ಲ.”

ಪೇದೆಗಳು ನೀರಿನ ಹಂಡೆಗಳ ಹಿಂದೆ, ಅಕ್ಕಿ ಚೀಲಗಳ ನಡುವೆ, ಮಂಚದ ಕೆಳಗೆ ನೋಡಿದರು. ಏನೂ ಸಿಗಲಿಲ್ಲ. ನರಿನ್ ಎಲ್ಲದಕ್ಕೂ ತಾನೇ ದೀಪ ಹಿಡಿದ.

“ಕೆಳಗೆ ಹುಡುಕೋದು ಸಾಕು. ಏಣಿ ತನ್ನಿ” ಎಂದ ಬುನ್ನಾರೆತ್.

ನರಿನ್ ದೀಪ ಕೆಳಗಿಟ್ಟ.

ಸೂರಿನ ಕೆಳಗೆ, ತೊಲೆಗಳ ಮೇಲೆ, ಮನೆಯಲ್ಲಿ ಅದಕ್ಕಿಂತ ಎತ್ತರದ ಜಾಗವೇ ಇಲ್ಲದ ಕಡೆ ಒಂದು ಹಲಗೆ. ಹಲಗೆಯ ಮೇಲೆ ಕೆಂಪು ಬಟ್ಟೆಯ ಗಂಟು. ಮುಂದೆ ಉರಿದು ಮುಗಿದ ಊದುಬತ್ತಿ, ಮಲ್ಲಿಗೆ, ಒಂದು ಲೋಟ ನೀರು. ಸಂಬಾತ್ ಗಂಟು ಬಿಚ್ಚುವ ಮೊದಲು ಕೈಮುಗಿದ. ಒಳಗೆ ಸಾವಿರ ವರ್ಷದ ಮುಖ ಕಣ್ಣು ಅರೆಮುಚ್ಚಿ ನಗುತ್ತಿತ್ತು.

“ಯಾರಿಗೆ ಮಾರೋಕೆ?” ಬುನ್ನಾರೆತ್ ಕೇಳಿದ.

“ಮಾರೋಕಾ?” ನರಿನ್‌ಗೆ ನಿಜಕ್ಕೂ ಅವಮಾನವಾಯಿತು. “ಮೂರು ಸಲ ಬಸುರು ಇಳಿದೋಯ್ತು ಸಾರ್ ಇವಳಿಗೆ. ಮೂರು ಸಲ. ನಾಲ್ಕನೇ ಸಲ ನಾನು ಅಜ್ಜಿ ಹತ್ರ ಹರಕೆ ಹೊತ್ತೆ. ಮಗು ಉಳಿದ್ರೆ ನಿನ್ನ ಮುಂದೆ ತಂದು ತೋರಿಸ್ತೀನಿ, ಬೇಯಿಸಿದ ಹಂದಿ ತಲೆ ಒಪ್ಪಿಸ್ತೀನಿ ಅಂತ. ಇನ್ನೊಂದು ತಿಂಗಳಿದೆ. ಅಷ್ಟರಲ್ಲಿ ಇವರು ಅವಳನ್ನ ಗಾಜಿನ ಪೆಟ್ಟಿಗೇಲಿ ಹಾಕ್ತಾರಂತೆ. ಅಲ್ಲಿ ಊದುಬತ್ತಿ ಹಚ್ಚೋಕೂ ಬಿಡಲ್ಲ. ಹರಕೆ ತೀರದಿದ್ರೆ ಅಜ್ಜಿ ಕೊಟ್ಟಿದ್ದನ್ನ ವಾಪಸ್ ತಗೊಳ್ತಾಳೆ.”

“ವಿಷ್ಣು ಅಂದ್ಯಲ್ಲಯ್ಯ?”

“ಅದು ಪ್ರವಾಸಿಗರಿಗೆ ಸಾರ್.”

“ನಿನ್ನ ಹರಕೆಗೆ ಪ್ರುಮ್ ತಾತ ಜೈಲಿಗೆ ಹೋಗ್ತಿದ್ದ. ಗೊತ್ತಿತ್ತಾ?”

ಕೆಳಗಿನಿಂದ ಕೊಲ್ಯಾನ್‌ಳ ದನಿ ಬಂತು. “ಗೊತ್ತಿತ್ತು ಸಾರ್ ಇವರಿಗೆ. ಎರಡು ದಿನದಿಂದ ಅನ್ನ ಮುಟ್ಟಿಲ್ಲ.”

ಮಧ್ಯಾಹ್ನ ಎರಡಕ್ಕೆ ನರಿನ್‌ನನ್ನು ದಸ್ತಗಿರಿ ಮಾಡಲಾಯಿತು. ಬಿಲ್ಲೆಯನ್ನು ಅವನೇ ಕತ್ತಿನಿಂದ ತೆಗೆದುಕೊಟ್ಟ. ಠಾಣೆಯಲ್ಲಿ ಪ್ರುಮ್‌ನ ಕಾಲು ಮುಟ್ಟಲು ಹೋದಾಗ ಮುದುಕ ಕಾಲು ಹಿಂದೆಳೆದುಕೊಂಡ. “ನನ್ನನ್ನ ಎಬ್ಬಿಸಿ ಕೇಳಿದ್ರೆ ಆಗ್ತಿರಲಿಲ್ವೇನೋ, ನಮ್ಮೂರ ಅಳಿಯ ಅಲ್ವೇನೋ ನೀನು? ನಾನೇ ಹೊತ್ಕೊಡ್ತಿದ್ದೆ” ಎಂದು ಅತ್ತುಬಿಟ್ಟ. ಇನ್ಸ್‌ಪೆಕ್ಟರ್ ಅದನ್ನು ಕೇಳಿಸಿಕೊಳ್ಳದವನಂತೆ ಕಿಟಕಿಯ ಕಡೆ ತಿರುಗಿದ.

ಶುಕ್ರವಾರ ಮ್ಯೂಸಿಯಂನ ಲಾರಿ ನೇರವಾಗಿ ಠಾಣೆಗೇ ಬಂತು.

“ತಲೆ ಸಿಕ್ತಂತಲ್ಲ, ಕೊಡಿ” ಎಂದರು ಅಧಿಕಾರಿ.

“ಕೊಡೋಕಾಗಲ್ಲ. ಅದು ಮುದ್ದೆಮಾಲು. ಕೇಸು ಮುಗಿಯೋವರೆಗೆ ಠಾಣೆಯಲ್ಲೇ ಇರ್ಬೇಕು.”

“ಎಷ್ಟು ದಿನ?”

“ಕೋರ್ಟನ್ನ ಕೇಳಿ” ಎಂದ ಬುನ್ನಾರೆತ್, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ. ತಲೆಯಿಲ್ಲದ ಮೈಯೊಂದನ್ನೇ ಒಯ್ಯಲು ಮನಸ್ಸಾಗದೆ ಲಾರಿ ಖಾಲಿಯಾಗಿ ವಾಪಸಾಯಿತು. ಕಲ್ಲಿನ ಸಾಮಾನುಗಳನ್ನು ಕೆಳಗಿನ ಕಪಾಟಿನಲ್ಲಿಡಬೇಕೆಂಬ ನಿಯಮ ಆ ಠಾಣೆಯಲ್ಲಿತ್ತು. ಸಂಬಾತ್ ಅಜ್ಜಿಯ ತಲೆಯನ್ನು ಕಪಾಟಿನ ನೆತ್ತಿಯ ಮೇಲಿಟ್ಟ. ಇನ್ಸ್‌ಪೆಕ್ಟರ್ ಅದನ್ನು ನೋಡಿ ಕೋಣೆಗೆ ಬೀಗ ಹಾಕಿದ.

ಅದಾದ ಎರಡು ತಿಂಗಳಿಗೆ, ಏಪ್ರಿಲ್‌ನ ಒಂದು ಬೆಳಿಗ್ಗೆ ಕೊಲ್ಯಾನ್ ಠಾಣೆಗೆ ಬಂದಳು. ಜೊತೆಯಲ್ಲಿ ಪ್ರುಮ್, ಅವನ ತಲೆಯ ಮೇಲೆ ಬಾಳೆಲೆ ಮುಚ್ಚಿದ ತಟ್ಟೆ. ಅವಳ ತೋಳಲ್ಲಿ ಹೆಣ್ಣುಮಗು. ನರಿನ್ ಇನ್ನೂ ಜೈಲಿನಲ್ಲಿದ್ದ. ಮಗುವಿನ ಮುಖ ನೋಡಿರಲಿಲ್ಲ.

ಬುನ್ನಾರೆತ್ ಮುದ್ದೆಮಾಲು ಕೋಣೆಯ ಬೀಗ ತೆಗೆದು, ತಾನು ಹೊರಗೇ ನಿಂತ. ಒಳಗಿನಿಂದ ಊದುಬತ್ತಿಯ ವಾಸನೆ, ಬೆಂದ ಮಾಂಸದ ವಾಸನೆ. ಆಮೇಲೆ ಕೊಲ್ಯಾನ್‌ಳ ದನಿ, “ನೋಡಜ್ಜಿ, ತಂದಿದೀವಿ. ಅವರು ಬರೋಕಾಗಲಿಲ್ಲ.”

ಸಂಬಾತ್ ರಿಜಿಸ್ಟರ್ ಹಿಡಿದು ಬಂದ. “ಬಾಗಿಲು ತೆಗೆದಿದ್ದಕ್ಕೆ ಏನಂತ ಬರೀಲಿ ಸಾರ್?”

“ತಪಾಸಣೆ ಅಂತ ಬರಿ. ಮುದ್ದೆಮಾಲು ಸುಸ್ಥಿತಿಯಲ್ಲಿದೆ ಅಂತ ಬರಿ.”

ಒಳಗೆ ಮಗು ಗಟ್ಟಿಯಾಗಿ ಅಳಲು ಶುರುಮಾಡಿತು. ಅದು ಸುಮ್ಮನಾಗುವವರೆಗೂ ಇಬ್ಬರೂ ಟೋಪಿ ಕಳಚಿ ಅಲ್ಲೇ ನಿಂತಿದ್ದರು.