ಮಾಲೀಕನನ್ನೇ ಒಳಗೆ ಬಿಡದ ಫೋಲ್ಡರ್

ಇಂಜಿನಿಯರ್ ತಮ್ಮ ಆಫೀಸಿನ ಕಬ್ಬಿಣದ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿದ್ದರು. ಬೆಳಿಗ್ಗೆ ಕಸ ಗುಡಿಸಲು ಬಂದ ಹೆಂಗಸು ನೋಡಿ ಕಿಟಾರನೆ ಕಿರುಚಿದಳು.

ಕಾಲು ಜಾರಿರಬೇಕು ಎಂದರು ಸೇರಿದವರೆಲ್ಲ. ಇನ್ಸ್‌ಪೆಕ್ಟರ್ ಒಪ್ಪಲಿಲ್ಲ. ಠಾಣೆಯವರು ಬೆನ್ನ ಹಿಂದೆ ಅವಳನ್ನು ಹದ್ದಮ್ಮ ಎನ್ನುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

“ಬಿದ್ದಿರೋದು ಬೋರಲಾಗಿ. ಪೆಟ್ಟು ತಲೆಯ ಹಿಂದೆ,” ಎಂದಳು. “ಜಾರಿದವರಿಗೆ ಹಿಂದಿನಿಂದ ಹೊಡೆದಿದ್ದು ಗಾಳಿಯಾ?”

ಅವಳು ಮೆಟ್ಟಿಲು ಹತ್ತಿದಳು.

* * *

ಮೇಲಿನ ಕೋಣೆಯಲ್ಲಿ ಫ್ಯಾನು ತಿರುಗುತ್ತಲೇ ಇತ್ತು. ಮೇಜಿನ ಮೇಲೆ ಲ್ಯಾಪ್‌ಟಾಪ್. ಅದರ ಮುಂದೆ ಇಂಜಿನಿಯರ ಮಗಳು, ಅತ್ತೂ ಅತ್ತೂ ಕಣ್ಣು ಊದಿಸಿಕೊಂಡು.

“ಮೇಡಂ, ಹೊಸ ಶಾಲೆ ಕಟ್ಟಡದ ತೊಲೆಗಳಲ್ಲಿ ಮೋಸ ಆಗಿದೆ ಅಂತ ಅಪ್ಪ ಹೇಳಿದ್ರು. ಫೋಟೋ, ಅಳತೆ ಎಲ್ಲ ಈ ಫೋಲ್ಡರ್‌ನಲ್ಲಿದೆ. ಸೋಮವಾರ ಮಕ್ಕಳು ಒಳಗೆ ಹೋಗ್ತಾರೆ. ಇದು ತೆರೀದಿದ್ರೆ ನನ್ನ ಮಾತು ಯಾರು ನಂಬ್ತಾರೆ?”

ಮಗಳು ಫೋಲ್ಡರನ್ನು ಒತ್ತಿದಳು. ಪರದೆಯ ಮೇಲೆ ಒಂದೇ ಸಾಲು ಬಂತು: ‘ತೆರೆಯಲು ನಿಮಗೆ ಅನುಮತಿ ಇಲ್ಲ.’

“ಇದು ಅಪ್ಪನದೇ ಲ್ಯಾಪ್‌ಟಾಪ್, ಅಪ್ಪನದೇ ಹೆಸರು. ಮೊನ್ನೆ ನನ್ನೆದುರೇ ತೆಗೆದು ತೋರಿಸಿದ್ರು.”

“ಪಾಸ್‌ವರ್ಡ್?”

“ಇವತ್ತು ಲ್ಯಾಪ್‌ಟಾಪ್ ಆನ್ ಮಾಡ್ದಾಗ ಕೇಳಲೇ ಇಲ್ಲ. ಸಕ್ಕರೆ ಡಬ್ಬಿಗೂ ಬೀಗ ಹಾಕೋ ಮನುಷ್ಯ, ಮೇಡಂ. ಇದನ್ನ ಹೀಗೆ ಬಾಗಿಲು ತೆರೆದು ಬಿಡ್ತಿದ್ರಾ?”

ಬಾಗಿಲಲ್ಲಿ ನಿಂತಿದ್ದ ಕಸ ಗುಡಿಸುವ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಸತ್ತೋರೇ ಬಂದು ಚಿಲಕ ಹಾಕ್ಕೊಂಡವ್ರೆ ಕಣವ್ವಾ.”

ಹದ್ದಮ್ಮ ಹಾಗೆಲ್ಲ ಹೆದರುವವಳಲ್ಲ. ಆದರೂ ಮೈ ಜುಮ್ಮೆಂದಿತು. ಮೊದಲ ಪರದೆಗೆ ಹಿಂತಿರುಗಿದಳು. ಹೆಸರಿನ ಮೇಲೆ ದುಂಡನೆಯ ಚಿತ್ರದಲ್ಲಿ ಇಂಜಿನಿಯರ್ ನಗುತ್ತಿದ್ದರು. ಅವರ ಹೆಗಲ ಮೇಲೆ ಯಾರದೋ ಕೈ ಇತ್ತು. ಕಿರುಬೆರಳು ಸೊಟ್ಟಗಿತ್ತು.

ಮಗಳು ಕುರ್ಚಿಯಿಂದ ಹಿಂದಕ್ಕೆ ಸರಿದಳು. “ಈ ಕೈ... ಇದು ಇರ್ಲಿಲ್ಲ ಮೇಡಂ. ಫೋಟೋ ಇದೇ, ಆದ್ರೆ ಅಪ್ಪ ಹಾಕ್ಕೊಂಡಿದ್ದು ಬರೀ ಮುಖ.”

ಅಷ್ಟರಲ್ಲಿ ಆಫೀಸಿನ ಪಾಲುದಾರ ಒಳಗೆ ಬಂದ. ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು. ಕೈಗಳು ಜೇಬಿನಲ್ಲಿದ್ದವು.

“ಅಪ್‌ಡೇಟ್ ಆದ್ಮೇಲೆ ಹೀಗಾಗುತ್ತೆ ಮೇಡಂ. ಎಲ್ಲ ಅಳಿಸಿ ಹೊಸದಾಗಿ ಶುರು ಮಾಡ್ಬೇಕು. ಆಫೀಸಿನ ಕಂಪ್ಯೂಟರ್‌ಗಳನ್ನೆಲ್ಲ ನಾನೇ ತಂದು ಸಿದ್ಧ ಮಾಡಿಕೊಟ್ಟಿದ್ದು. ಕೊಡಿ, ಸರಿ ಮಾಡಿಸ್ತೀನಿ.” ನಂತರ ದನಿ ತಗ್ಗಿಸಿದ. “ಹೇಳಬಾರದು, ಆದ್ರೂ ಹೇಳ್ತೀನಿ. ನಿನ್ನೆ ಇವರೂ ಇವರ ತಮ್ಮನೂ ಇಲ್ಲೇ ಕಿತ್ತಾಡಿದ್ರು.”

ಲ್ಯಾಪ್‌ಟಾಪ್ ಅವನ ಕೈಗೆ ಹೋಗಲಿಲ್ಲ. ಠಾಣೆಗೆ ಹೋಯಿತು.

* * *

ಇಂಜಿನಿಯರ ತಮ್ಮ ಜಗಳವಾಡಿದ್ದು ನಿಜ. ಆದರೆ ಅವನು ನರ್ಸ್. ಸಂಜೆಯಿಂದ ಬೆಳಗಿನವರೆಗೆ ಆಸ್ಪತ್ರೆಯಲ್ಲೇ ಇದ್ದ. ಇಡೀ ವಾರ್ಡು ಸಾಕ್ಷಿ ಹೇಳಿತು.

ಪೊಲೀಸ್ ಆಗುವ ಮೊದಲು ಹದ್ದಮ್ಮ ಓದಿದ್ದು ಕಂಪ್ಯೂಟರ್. ಡಿಸ್ಕಿನ ನಕಲು ತೆಗೆದು ಠಾಣೆಯ ಯಂತ್ರಕ್ಕೆ ಜೋಡಿಸಿದಳು. ಫೋಲ್ಡರಿನ ಮಾಲೀಕ ಯಾರು ಎಂದು ನೋಡಿದಳು. ಹೆಸರಿರಬೇಕಾದ ಜಾಗದಲ್ಲಿ ಉದ್ದನೆಯ ಅಂಕಿಗಳ ಸಾಲು ಮಾತ್ರ ಇತ್ತು, ಗುರುತಿಲ್ಲದ ಹೆಣಕ್ಕೆ ಕಟ್ಟುವ ಚೀಟಿಯಂತೆ.

ಲ್ಯಾಪ್‌ಟಾಪಿನಲ್ಲಿದ್ದ ಇಂಜಿನಿಯರ ಹೆಸರಿನ ಖಾತೆಯ ಅಂಕಿಗಳೇ ಬೇರೆ. ಆ ಖಾತೆ ಹುಟ್ಟಿದ್ದು ರಾತ್ರಿ ಅವರು ಸತ್ತ ಮೇಲೆ.

ಫೋಲ್ಡರಿನ ಒಡೆತನವನ್ನು ತನ್ನ ಹೆಸರಿಗೆ ಬದಲಿಸಿದಳು. ಅದು ಸದ್ದಿಲ್ಲದೆ ತೆರೆದುಕೊಂಡಿತು. ನಕ್ಷೆಯಲ್ಲಿ ದಪ್ಪ ಕಂಬಿಗಳು. ಫೋಟೋದಲ್ಲಿ ಬೆರಳಿನಷ್ಟು ಸಣ್ಣವು. ತೊಲೆಯುದ್ದಕ್ಕೂ ಕೂದಲೆಳೆಯ ಬಿರುಕುಗಳಿದ್ದವು.

* * *

ಪಾಲುದಾರನನ್ನು ಠಾಣೆಗೆ ಕರೆಸಿದಳು. ಮಗಳೂ ಕುಳಿತಿದ್ದಳು.

“ಕೈ ಮೇಜಿನ ಮೇಲಿಡಿ.”

ಇಟ್ಟ. ಕಿರುಬೆರಳು ಸೊಟ್ಟಗಿತ್ತು.

“ಕಟ್ಟಡದ ಉಸ್ತುವಾರಿ ನಿಮ್ಮದು. ಕಂಬಿ ಸಣ್ಣದು ಮಾಡಿದ್ದೂ ನೀವೇ. ಅವರು ದೂರು ಕೊಡ್ತೀನಿ ಅಂದ್ರು, ಹೊಡೆದು ಮೆಟ್ಟಿಲಿಂದ ತಳ್ಳಿದ್ರಿ. ಫೋಲ್ಡರನ್ನ ಅವರು ತಮ್ಮ ಖಾತೆಗೆ ಮಾತ್ರ ತೆರೆಯೋ ಹಾಗೆ ಇಟ್ಟಿದ್ರು; ನಿಮ್ಮ ಖಾತೆಯಿಂದ ಅಳಿಸೋಕೆ ಹೋದ್ರೆ ಅದಕ್ಕೂ ಅನುಮತಿ ಇಲ್ಲ ಅಂತು. ಲ್ಯಾಪ್‌ಟಾಪ್ ಹೊತ್ತುಕೊಂಡು ಹೋದ್ರೆ ಅನುಮಾನ. ಖಾತೆನೇ ಅಳಿಸಿದ್ರೆ ಅವರದೆಲ್ಲ ಹೋಗುತ್ತೆ ಅಂದ್ಕೊಂಡ್ರಿ. ಹೋಗ್ಲಿಲ್ಲ. ಆ ಫೋಲ್ಡರ್ ಡಿಸ್ಕಿನ ಬೇರೆ ಭಾಗದಲ್ಲಿತ್ತು.”

“ಯಾರು ಬೇಕಾದ್ರೂ ಮಾಡಿರಬಹುದು.”

“ಖಾತೆ ಅಳಿಸೋ ಅಧಿಕಾರ ಇದ್ದಿದ್ದು ನಿಮಗೊಬ್ರಿಗೇ. ಯಾರಿಗೂ ಗೊತ್ತಾಗಬಾರದು ಅಂತ ಅದೇ ಹೆಸರಲ್ಲಿ ಹೊಸ ಖಾತೆ ಮಾಡಿದ್ರಿ. ಯಂತ್ರ ಹೆಸರು ನೋಡಲ್ಲ, ಅಂಕಿ ನೋಡುತ್ತೆ. ಇನ್ನು ಹಳೇ ಚಿತ್ರ ಅಳಿಸಿಹೋಗಿತ್ತು. ನಿಮ್ಮ ಫೋನಿನಲ್ಲಿದ್ದ ಇಡೀ ಫೋಟೋ ತಂದು ಹಾಕಿದ್ರಿ, ಗಡಿಬಿಡೀಲಿ. ನಿಮ್ಮ ಕೈಯನ್ನ ನೀವೇ ಅವರ ಹೆಗಲ ಮೇಲಿಟ್ಟು ಹೋದ್ರಿ.”

ಅವನ ಹಣೆ ಬೆವರಿತು.

“ಕಟ್ಟಡ ಬೀಳ್ತಿರ್ಲಿಲ್ಲ,” ಎಂದ ಕೊನೆಗೆ. “ಅವರು ಸುಮ್ಮನೆ ಗಾಬರಿಯಾದ್ರು. ಏನೂ ಆಗ್ತಿರ್ಲಿಲ್ಲ.”

ಅದುವರೆಗೆ ಬಾಯಿ ಬಿಡದ ಇಂಜಿನಿಯರ ಮಗಳು ತಲೆ ಎತ್ತಿದಳು.

“ಮಾಮ, ನಿಮ್ಮ ಪುಟ್ಟಿಯನ್ನೂ ಅದೇ ಶಾಲೆಗೆ ಸೇರಿಸಿದ್ರಲ್ಲ. ಸೋಮವಾರ ಕಳಿಸ್ತಿದ್ರಾ?”

ಅವನು ಕೈಗಳನ್ನು ಮೇಜಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ.

“ಹೋದ ವಾರವೇ ಅವಳ ಹೆಸರು ತೆಗೆಸಿದೆ,” ಎಂದ.