ಸಮ್ಮನಕ್ಕೆ ಹೋಗುವ ದಾರಿ

ಗಂಡ ತನ್ನನ್ನು ಬೇಕೆಂದೇ ಸುತ್ತುದಾರಿಯಲ್ಲಿ ನಡೆಸುತ್ತಿದ್ದಾನೆ ಎಂಬುದು ಕುಸುಮಳಿಗೆ ಗೊತ್ತಾದದ್ದು ಮೂರನೆಯ ಸಮ್ಮನದ ದಿನ, ಮುಂಡಪ್ಪ ಮಾವನ ಜಗಲಿಯಲ್ಲಿ.

ಸಮ್ಮನವೆಂದರೆ ಮದುವೆಯಾದ ಹೊಸತರಲ್ಲಿ ನೆಂಟರು ಗಂಡುಹೆಣ್ಣನ್ನು ಜೊತೆಯಾಗಿ ಕರೆದು ಬಡಿಸುವ ಊಟ. 1958ರ ನವೆಂಬರಿನಲ್ಲಿ ಕುಸುಮಳ ಮದುವೆಯಾಯಿತು. ಗಂಡ ಭೋಜ ಗುರುವಾಯನಕೆರೆಯ ಕಡೆ ಶಾಲೆಯ ಮಾಸ್ತರು. ಐದು ಭಾನುವಾರ, ಪುಂಜಾಲಕಟ್ಟೆಯ ಆಸುಪಾಸಿನ ಭೋಜನ ನೆಂಟರ ಐದು ಮನೆ ಎಂದು ಹಿರಿಯರು ಗೊತ್ತು ಮಾಡಿದ್ದರು. ಆ ಮನೆಗಳ ದಾರಿ ಕುಸುಮ ಕಂಡದ್ದಲ್ಲ. ಅಷ್ಟರವರೆಗೆ ಅವಳು ತವರಿನಲ್ಲಿರುವುದು. ಐದೂ ಊಟ ಮುಗಿದ ಮರುದಿನ ಟ್ರಂಕು ಹಿಡಿದು ಅವನೊಂದಿಗೆ ಬಸ್ಸು ಹತ್ತುವುದು. ತವರಿನ ತುಂಬ ಜನ. ಗಂಡಹೆಂಡಿರು ಇಬ್ಬರೇ ಆಗುತ್ತಿದ್ದದ್ದು ಬಯಲಿನ ಅಂಚಿನಲ್ಲಿ, ಗುಡ್ಡೆಯ ಕಾಲುದಾರಿಯಲ್ಲಿ ಮಾತ್ರ. ಅಲ್ಲಿಯೂ ಭೋಜ ಮಾತಾಡುತ್ತಿರಲಿಲ್ಲ.

ಅವನಿಗೆ ಇದು ಎರಡನೆಯ ಮದುವೆ. ಮೊದಲ ಹೆಂಡತಿ ಕಾಂತಿ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡು ಎರಡು ವರ್ಷವಾಗಿತ್ತು, ಮಗುವೂ ಉಳಿದಿರಲಿಲ್ಲ. ಅವಳೊಂದಿಗೂ ಅವನು ಇದೇ ಮನೆಗಳಿಗೆ ಸಮ್ಮನಕ್ಕೆ ಬಂದಿದ್ದ. ಹಾಗಾಗಿ ಹೋದಲ್ಲೆಲ್ಲ ಯಾರಾದರೊಬ್ಬರು ಕುಸುಮಳ ಮುಖ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ, ಪಾಪ. ಆದರೆ ಹೊಸ ಸೀರೆ ಉಟ್ಟು ಕೂತವಳ ಎದುರು ಬಿಡುವ ನಿಟ್ಟುಸಿರಿಗೆ ಒಳ್ಳೆಯ ಮನಸ್ಸೇನು, ಕೆಟ್ಟ ಮನಸ್ಸೇನು!

ಕಾಲು ತೊಳೆಯಲು ನೀರು ಕೊಟ್ಟ ಮುಂಡಪ್ಪ ಮಾವ ಇಬ್ಬರ ಪಾದಗಳನ್ನು ನೋಡಿ ಹುಬ್ಬೇರಿಸಿದರು.

"ಇದೆಂತ ಭೋಜಾ, ಇಷ್ಟು ಕೆಂಪು ಧೂಳು? ತೋಡಿನ ಮರದ ಸಂಕ ದಾಟಿ ಬಂದರೆ ಕಾಲು ಗಂಟೆ ಸಾಕು. ಗುಡ್ಡೆ ಸುತ್ತಿ ಬಂದದ್ದಾ ಮಾರಾಯ?"

"ಹೀಗೇ ಬಂದೆವು," ಎಂದು ಭೋಜ ಕನ್ನಡಕ ಒರೆಸತೊಡಗಿದ.

ಕುಸುಮಳಿಗೆ ಆಗ ಒಂದೊಂದೇ ನೆನಪಾಯಿತು. ಮೊದಲ ಮನೆಗೆ ಹೋದದ್ದು ದನಗಳು ಮಾತ್ರ ಓಡಾಡುವ ಬಯಲಿನ ಅಂಚಿನಲ್ಲಿ, ಎರಡನೆಯದಕ್ಕೆ ಕಾಡಿನ ಬದಿಯಿಂದ. ಜನರ ಜಗಲಿಗಳಿದ್ದ ದಾರಿಯನ್ನು ಅವನು ಒಮ್ಮೆಯೂ ಹಿಡಿದಿರಲಿಲ್ಲ. ಬಡಿಸಿದ ಊಟವನ್ನು ಅವಳು ಅರ್ಧಕ್ಕೇ ಬಿಟ್ಟಳು.

ಹಿಂದಿರುಗುವಾಗ ಬೇಲಿ ದಾಟಲು ಮೆಟ್ಟಿಲಂತೆ ಕಟ್ಟಿದ ತಡಮ್ಮೆ ಅಡ್ಡ ಬಂತು. ಭೋಜ ಮೊದಲು ಹತ್ತಿ ಇಳಿದು, ಆಚೆಯಿಂದ ಅವಳತ್ತ ಕೈ ಚಾಚಿದ. ಕುಸುಮ ಈಚೆಯೇ ನಿಂತಳು.

"ನಿಮಗೆ ನನ್ನೊಟ್ಟಿಗೆ ನಡೆಯಲಿಕ್ಕೆ ನಾಚಿಕೆಯಾ?"

"ಎಂತ?"

"ನಾಲ್ಕು ಜನ ನೋಡುವ ದಾರಿ ಬಿಟ್ಟು ದನದ ದಾರಿಯಲ್ಲಿ ಕರ್ಕೊಂಡು ಬರ್ತೀರಿ. ಎರಡನೆಯವಳು ಅಂತ ಅಡಗಿಸಿ ಇಡುವುದಾ?"

ಭೋಜ ಚಾಚಿದ ಕೈ ಹಿಂತೆಗೆಯಲಿಲ್ಲ. ಅವಳು ಅವನ ಕೈ ಹಿಡಿಯದೆ ತಾನೇ ಬೇಲಿ ದಾಟಿದಳು.

"ಇನ್ನು ಎರಡು ಮನೆ ಉಂಟು. ಹಿರಿಯರ ಮರ್ಯಾದೆಗೆ ಬರ್ತೇನೆ. ಆಮೇಲೆ ನಾನು ಬಸ್ಸು ಹತ್ತುವುದಿಲ್ಲ. ಅಮ್ಮನ ಮನೆಯಲ್ಲೇ ಇರ್ತೇನೆ."

ಅದು ಬರಿಯ ಬೆದರಿಕೆಯಲ್ಲ. ಅವರದು ಅಳಿಯಸಂತಾನದ ಮನೆತನ. ಆಸ್ತಿ ಇಳಿಯುವುದು ಹೆಣ್ಣಿನ ಕಡೆಯಿಂದ. ಗಂಡನ ಮನೆ ಬೇಡವೆಂದವಳಿಗೆ ತವರಿನಲ್ಲಿ ಜಾಗವಿದ್ದೇ ಇತ್ತು. ಅದು ಭೋಜನಿಗೂ ಗೊತ್ತಿತ್ತು. ಮನೆ ಮುಟ್ಟುವವರೆಗೆ ಅವನು ತಲೆ ಎತ್ತಲಿಲ್ಲ.

ನಾಲ್ಕನೆಯ ಭಾನುವಾರವೂ ಸುತ್ತುದಾರಿಯೇ. ಬೋಗಿ ಮರಗಳ ಕಾಡಿನೊಳಗೆ ತಂಪಾದ, ಏರಿಳಿತವಿಲ್ಲದ ದಾರಿ. ಎಲೆಗಳ ನಡುವಿನಿಂದ ಬಿಸಿಲು ಚೂರುಚೂರಾಗಿ ಬಿದ್ದು ಅವನ ಬಿಳಿ ಅಂಗಿಯ ಮೇಲೆ ಆಡುತ್ತಿತ್ತು. ಇಷ್ಟು ಚಂದದ ದಾರಿಯಲ್ಲಿ ಇಷ್ಟು ಬೇಸರದಿಂದ ನಡೆಯಬೇಕಾಯಿತಲ್ಲ ಎಂದು ಕುಸುಮಳಿಗೆ ಅಳು ಬಂತು.

ದಾರಿ ಬದಿಯಲ್ಲಿ ಒಂದು ನೆಲ್ಲಿಮರ. ಭೋಜ ಹಾರಿ ಗೆಲ್ಲು ಹಿಡಿದ. ಗೆಲ್ಲು ಬಾಗಿತು, ಕೈ ಜಾರಿದಾಗ ಅವನ ಕನ್ನಡಕವನ್ನೂ ಸಿಕ್ಕಿಸಿಕೊಂಡು ಮೇಲೆ ಹೋಗಿ ತೂಗಾಡಿತು. ಕಣ್ಣು ಕಿರಿದು ಮಾಡಿ ತಡಕಾಡುತ್ತಿದ್ದ ಮಾಸ್ತರನ್ನು ಕಂಡು ಕುಸುಮಳಿಗೆ ನಗು ತಡೆಯಲಾಗಲಿಲ್ಲ.

"ಎಡಕ್ಕೆ. ಇನ್ನೂ ಎಡಕ್ಕೆ. ಮಕ್ಕಳಿಗೆ ಹೀಗೇ ಕಲಿಸುವುದಾ ನೀವು?"

"ಮಕ್ಕಳು ನಗುವುದಿಲ್ಲ. ನನ್ನನ್ನು ಕಂಡರೆ ಹೆದರ್ತಾರೆ."

"ಸುಳ್ಳು."

ಅವಳ ನಗುವನ್ನು ಅವನು ಕನ್ನಡಕವಿಲ್ಲದ ಕಣ್ಣಿನಿಂದಲೇ ನೋಡುತ್ತಾ ನಿಂತ. ಅಷ್ಟು ಹೊತ್ತು ಯಾರೂ ಅವಳನ್ನು ಹಾಗೆ ನೋಡಿರಲಿಲ್ಲ. ಅವಳೇ ಮೊದಲು ದೃಷ್ಟಿ ತಗ್ಗಿಸಿದಳು.

"ನಾಚಿಕೆ ಅಲ್ಲ ಕುಸುಮ," ಎಂದ ಅವನು, ಕನ್ನಡಕ ಬಿಡಿಸಿಕೊಂಡು, ನಾಲ್ಕು ನೆಲ್ಲಿಕಾಯಿ ಕೊಯ್ದು ಅವಳ ಅಂಗೈಗೆ ಹಾಕುತ್ತಾ. "ಹತ್ತಿರದ ದಾರಿಯಲ್ಲೆಲ್ಲ ಕಾಂತಿ ನಡೆದಿದ್ದಾಳೆ. ಸಂಕದ ಮೇಲೆ ಹೆದರಿ ನನ್ನ ಅಂಗಿ ಹಿಡ್ಕೊಂಡಿದ್ದಳು. ಅಲ್ಲಿ ನಿನ್ನನ್ನು ಕರ್ಕೊಂಡು ಹೋದರೆ ನನಗೆ ಅವಳೇ ನೆನಪಾಗ್ತಾಳೆ. ಅದು ನಿನಗೆ ಅನ್ಯಾಯ ಅಲ್ಲವಾ? ಅದಕ್ಕೆ ನಾನು ಯಾರೊಟ್ಟಿಗೂ ನಡೆಯದ ದಾರಿ ಹುಡುಕಿದೆ. ಶನಿವಾರ ಬಸ್ಸಿಳಿದು ಒಬ್ಬನೇ ನಡೆದು ನೋಡ್ತಿದ್ದೆ. ಏರು ಇರಬಾರದು, ನೆರಳು ಇರಬೇಕು, ನಿನ್ನ ಕಾಲಿಗೆ ಮುಳ್ಳು ತಾಗಬಾರದು ಅಂತ."

ಕುಸುಮ ಬಂದ ದಾರಿಯತ್ತ ತಿರುಗಿ ನೋಡಿದಳು. ತಾನು ಸೆರಗು ಬಿಗಿದುಕೊಂಡು ಸಿಟ್ಟಿನಲ್ಲಿ ತುಳಿದ ದಾರಿಗಳನ್ನೆಲ್ಲ ಅವನು ತನಗಾಗಿ ಮೊದಲೇ ನಡೆದು ನೋಡಿದ್ದ.

"ಮೊದಲೇ ಹೇಳಬಾರದಿತ್ತಾ?"

"ಕ್ಲಾಸಿನಲ್ಲಿ ಗಂಟೆಗಟ್ಟಲೆ ಮಾತಾಡ್ತೇನೆ. ನಿನ್ನ ಎದುರು ಬಾಯಿ ಬರುವುದಿಲ್ಲ." ಮತ್ತೆ ಹೇಳಿದ: "ಬರುವ ವಾರದ ಮನೆಗೆ ಹೋಗುವುದು ಬೇಡ. ಅದು ಅಮ್ಮಣ್ಣಿಯಮ್ಮನ ಮನೆ. ಕಾಂತಿಯ ತಾಯಿ. ಅವರು ಕರೆದಿದ್ದಾರೆ, ಹಿರಿಯರು ಒಪ್ಪಿದ್ದಾರೆ. ನಾನು ಆಗುವುದಿಲ್ಲ ಅಂತ ಹೇಳಿ ಕಳಿಸ್ತೇನೆ."

ಕುಸುಮ ನೆಲ್ಲಿಕಾಯಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. ಎದೆಯೊಳಗೆ ಮರುಕವೂ ಇತ್ತು, ಹೊಟ್ಟೆಕಿಚ್ಚೂ ಇತ್ತು.

"ಹೋಗುವ. ಹತ್ತಿರದ ದಾರಿಯಲ್ಲೇ ಹೋಗುವ."

"ನಿನಗೆ ಕಷ್ಟ ಆಗ್ತದೆ."

"ಆಗಲಿ. ನೋಡದ ದಾರಿಯನ್ನು ಜೀವಮಾನ ಇಡೀ ನೆನೆಸಿಕೊಂಡು ಕೂರ್ಲಿಕ್ಕೆ ನನ್ನಿಂದ ಆಗುವುದಿಲ್ಲ."

ಬಸ್ಸು ಹತ್ತುವುದಿಲ್ಲವೆಂಬ ಮಾತನ್ನು ಮಾತ್ರ ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವನ ಮನಸ್ಸಿನಲ್ಲಿ ತನಗೆ ಜಾಗ ಉಂಟೋ ಇಲ್ಲವೋ ಎಂದು ತಿಳಿಯದೆ ಅವಳು ಟ್ರಂಕು ಕಟ್ಟುವ ಹೆಣ್ಣಲ್ಲ.

ಐದನೆಯ ಭಾನುವಾರ ಅವರು ಗದ್ದೆಯ ನಡುವಿನ ಬದುವಿನ ಮೇಲೆಯೇ ನಡೆದರು. ಜಗಲಿಗಳಿಂದ ಜನ ಮಾತಾಡಿಸಿದರು. ಭೋಜ ನಿಂತು ನಿಂತು, "ಇವಳು ಕುಸುಮ, ನನ್ನ ಹೆಂಡತಿ," ಎಂದ. ಇಲ್ಲಿ ಕಾಂತಿ ಚಪ್ಪಲಿ ಕಳೆದುಕೊಂಡದ್ದು, ಇಲ್ಲಿ ಕೂತು ಸುಧಾರಿಸಿಕೊಂಡದ್ದು ಎಂದು ಅವನು ಹೇಳಿದಂತೆಲ್ಲ ಕುಸುಮ ಕೇಳಿದಳು. ಕೇಳುವಾಗ ನೋವಾಯಿತು. ಆದರೂ ಮತ್ತೇನು ಎಂದು ತಾನೇ ಕೇಳಿದಳು.

ತೋಡಿಗೆ ಅಡ್ಡ ಹಾಕಿದ ಮರದ ಸಂಕದ ನಡುವೆ ಭೋಜನ ಕಾಲು ನಿಂತುಬಿಟ್ಟಿತು. ಅವನ ಬೆನ್ನು ನಡುಗುತ್ತಿತ್ತು. ಕುಸುಮ ಹಿಂದಿನಿಂದ ಆ ಬೆನ್ನಿನ ಮೇಲೆ ಕೈಯಿಟ್ಟಳು.

"ಅಳಬೇಕಾದರೆ ಅಳಿ. ನಾನೇನೂ ಹೋಗುವುದಿಲ್ಲ."

ಅವನು ಅತ್ತ. ಸಾವಿನ ದಿನವೂ ಅತ್ತಿರದವನು ಎರಡು ವರ್ಷ ಕಳೆದು, ಹೊಸ ಹೆಂಡತಿಯ ಎದುರು, ಕೆಳಗೆ ತೋಡಿನ ನೀರು ಹರಿಯುತ್ತಿರಲು ಅತ್ತ. ಬಹಳ ಹೊತ್ತಿನ ಮೇಲೆ ತಿರುಗಿ ನೋಡಿದ. ಕಣ್ಣು ಕೆಂಪಾಗಿತ್ತು, ಆದರೆ ನೋಟ ಅವಳ ಮೇಲೆಯೇ ಇತ್ತು.

"ನಿನಗೆ ಹೆದರಿಕೆ ಆಗ್ತದಾ? ಕೈ ಕೊಡು."

ಅವಳಿಗೆ ಹೆದರಿಕೆಯೇನೂ ಇರಲಿಲ್ಲ. ಕೈ ಮಾತ್ರ ಕೊಟ್ಟಳು. ದಾಟಿದ ಮೇಲೂ ಅವನು ಬಿಡಲಿಲ್ಲ, ಅವಳೂ ಬಿಡಿಸಿಕೊಳ್ಳಲಿಲ್ಲ.

ಅಮ್ಮಣ್ಣಿಯಮ್ಮ ಅಂಗಳದ ಹೊರಗೇ ಕಾಯುತ್ತಿದ್ದರು. ಸಣಕಲು ದೇಹ, ಅಚ್ಚ ಬಿಳಿಯ ಕೂದಲು. ಕುಸುಮ ಕಾಲು ಮುಟ್ಟಲು ಬಾಗಿದಾಗ ಎರಡೂ ಕೈಯಿಂದ ಎತ್ತಿ, ಮುಖವನ್ನು ತುಂಬ ಹೊತ್ತು ನೋಡಿದರು. ನಿಟ್ಟುಸಿರು ಬಿಡಲಿಲ್ಲ.

"ಹಸಿದಿದ್ದೀರಿ. ಬನ್ನಿ, ಉಣ್ಣುವ."

ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ, ಒಣರೊಟ್ಟಿಯ ಮೇಲೆ ಕೋಳಿಸಾರು ತಾವೇ ಬಡಿಸಿದರು. ಅರ್ಧ ಊಟವಾಯಿತು. ಆಮೇಲೆ ಮುದುಕಿ ಕುಸುಮಳ ಎದುರು ಮಣೆ ಎಳೆದು ಕೂತರು.

"ಮಗಾ, ಕೇಳಬಾರದು ಅಂತಲೇ ಇದ್ದೆ. ಆಟಿಗೆ ಈ ಮನೆಗೆ ಬರುವವರು ಯಾರೂ ಇಲ್ಲ. ನಿನ್ನ ಅಮ್ಮನಲ್ಲಿ ಇರುವಷ್ಟು ದಿನ ಇರು. ಒಂದು ನಾಲ್ಕು ದಿನ ಇಲ್ಲಿಗೂ ಬರ್ತೀಯಾ?"

ಆಟಿ ತಿಂಗಳ ಜಡಿಮಳೆಗೆ ಹೊಸ ಮದುಮಗಳು ಗಂಡನ ಮನೆಯಿಂದ ತಾಯಿಯ ಮನೆಗೆ ಬರುವುದು ಊರಿನ ಪದ್ಧತಿ. ಗಂಡನ ಮನೆಗೇ ಹೋಗದವಳನ್ನು ಆಟಿಗೆ ಯಾರೂ ಕರೆಯುವುದಿಲ್ಲ, ಅವಳು ಎಲ್ಲಿಂದಲೂ ಬರಬೇಕಾಗಿಲ್ಲ. ಭೋಜನ ಕೈ ಎಲೆಯ ಮೇಲೆ ನಿಂತುಹೋಯಿತು. ಕುಸುಮಳ ಕಡೆ ತಿರುಗುವ ಧೈರ್ಯ ಅವನಿಗಾಗಲಿಲ್ಲ.

"ಬರ್ತೇನೆ ಅಮ್ಮಾ," ಎಂದಳು ಕುಸುಮ. "ಶಾಲೆಗೆ ರಜೆ ಸಿಕ್ಕಿದರೆ ಇವರೇ ಗುರುವಾಯನಕೆರೆಯಿಂದ ಕರ್ಕೊಂಡು ಬರ್ತಾರೆ. ಸಿಗದಿದ್ದರೂ ತೊಂದರೆ ಇಲ್ಲ. ದಾರಿ ನನಗೆ ಗೊತ್ತುಂಟು."

ಭೋಜ ತಲೆ ತಗ್ಗಿಸಿ ಕೂತೇ ಇದ್ದ. ಅಮ್ಮಣ್ಣಿಯಮ್ಮ ಅದನ್ನು ಕಂಡೂ ಕಾಣದ ಹಾಗೆ ಎದ್ದು, ಇಬ್ಬರ ಎಲೆಗೂ ಇನ್ನೊಂದೊಂದು ಸೌಟು ಸಾರು ಬಡಿಸಿದರು.